ಎರಡು ಕೊಂಡಿ ಕಿತ್ತರೆ ಹಳೇ ಚೈನ್ ಹೊಸದಾಗಲ್ಲ ಕಣ್ರೀ

ದಾವಣಗೆರೆಯಲ್ಲಿ "ಚೈನ್ ಬೀಳ್ತಿದೆ" ಅಂತ ಸೈಕಲ್ ಅಂಗಡಿ ಮುಂದೆ ನಿಂತರೆ ಸಿಗೋ ಉತ್ತರ ಹೆಚ್ಚುಕಮ್ಮಿ ಒಂದೇ: "ಎರಡು ಕೊಂಡಿ ತೆಗೀತೀನಿ, ಟೈಟಾಗ್ತದೆ ಬಿಡ್ರಿ." ಅಳತೆ ಇಲ್ಲ, ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲುಗಾಲಿ) ಹಲ್ಲು ನೋಡೋದಿಲ್ಲ. ಚೈನನ್ನ ಕಲ್ಲಿನ ಮೇಲಿಟ್ಟು, ಪಿನ್ನಿಗೆ ಮೊಳೆ ಊರಿ, ಸುತ್ತಿಗೆಯಲ್ಲಿ ಟಣ್ ಟಣ್. ಕೆಲಸ ಮುಗೀತು, ದುಡ್ಡೂ ತಗೊಂಡಾಯ್ತು. ಸ್ವಲ್ಪ ದಿನಕ್ಕೆ ಅದೇ ಚೈನ್ ಮತ್ತೆ ಬೀಳುತ್ತೆ, ಅಷ್ಟರಲ್ಲಿ ಫ್ರೀವೀಲೂ ಹಾಳಾಗಿರುತ್ತೆ.

ಹಿಂದಿನ ಚಕ್ರ ಸ್ವಲ್ಪ ಹಿಂದಕ್ಕೆ ಎಳೆದರೆ ಸರಿಹೋಗೋದು ಲೂಸ್. ಸವೆತ ಬೇರೆ. ಚೈನಿನ ಪಟ್ಟಿಗಳು ಹಿಗ್ಗಲ್ಲ. ಪಿನ್ನೂ ಅದು ತಿರುಗೋ ತೂತೂ ಧೂಳು ತಿಂದು ಸವೀತವೆ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು ಇರಬೇಕಾದ್ದು ಕೂದಲೆಳೆಯಷ್ಟು ಹೆಚ್ಚಾಗುತ್ತೆ, ಫ್ರೀವೀಲಿನ ಹಲ್ಲುಗಳ ಅಂತರ ಮಾತ್ರ ಅರ್ಧ ಇಂಚಿಗೇ ನಿಂತಿರುತ್ತೆ. ಆಗ ಚೈನ್ ಹಲ್ಲಿನ ಬುಡ ಬಿಟ್ಟು ಮೇಲಕ್ಕೆ ಹತ್ತುತ್ತೆ, ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ ಬಿದ್ದು ಅವು ಸವೆದು ಕೊಕ್ಕೆ ಥರ ಆಗ್ತವೆ. 112 ಕೊಂಡಿಯಲ್ಲಿ ಎರಡು ಕಿತ್ತರೆ ಉಳಿದ 110 ಸವೆದವೇ ತಾನೆ? ಚೈನ್ ಒಂದಿಂಚು ಗಿಡ್ಡ ಆಯ್ತು, ಚಕ್ರ ಅರ್ಧ ಇಂಚು ಮುಂದೆ ಬಂತು. ಅಷ್ಟೇ ಆಗಿದ್ದು.

ಅಳೆಯೋಕೆ ಒಂದು ಟೇಪ್ ಸಾಕು. ತುದಿಯ ಕೊಕ್ಕೆ ಅಲ್ಲಾಡುತ್ತೆ, ಅದಕ್ಕೆ 1 ಇಂಚಿನ ಗೆರೆಯನ್ನ ಒಂದು ಪಿನ್ನಿನ ನಡುವಿಗೆ ಹಿಡಿದು 13ರ ಗೆರೆ ನೋಡ್ರಿ. ಹೊಸ ಚೈನಾದರೆ ಇನ್ನೊಂದು ಪಿನ್ನಿನ ನಡು ಸರಿಯಾಗಿ ಅಲ್ಲೇ ಬರುತ್ತೆ. 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸೋ ಹೊತ್ತು. 1/8 ದಾಟಿದ್ದರೆ ಫ್ರೀವೀಲಿನ ಆಸೆ ಬಿಡ್ರಿ. ಅದರ ಮೇಲೆ ಹೊಸ ಚೈನ್ ಹಾಕಿದರೆ ಒತ್ತಿ ತುಳಿದಾಗೆಲ್ಲ ಚೈನ್ ಹಲ್ಲು ಬಿಟ್ಟು ಹಾರುತ್ತೆ. ಇಷ್ಟು ನೋಡೋಕೆ ಒಂದು ನಿಮಿಷ ಬೇಡವಾ?

2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಟ್ಟಂಥ ಸಾದಾ ಸೈಕಲ್ಲಿಗೆ ಬೇಕಾದ್ದು 1/2 × 1/8 ಚೈನ್, ಅಂದರೆ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಒಳಗಿನ ಅಗಲ 1/8 ಇಂಚು. ಗೇರ್ ಸೈಕಲ್ಲಿನದು ಅದಕ್ಕಿಂತ ತೆಳು, ಒಂದರದ್ದು ಇನ್ನೊಂದಕ್ಕೆ ಬರಲ್ಲ. ಹೊಸ ಚೈನನ್ನ ಹಳೇದರ ಉದ್ದಕ್ಕೆ ಹಿಡಿದು ಕತ್ತರಿಸೋದು ಇನ್ನೊಂದು ಅವಿವೇಕ. ಹಳೇದು ಸವೆದೇ ಉದ್ದವಾಗಿದೆ ಅಲ್ವಾ? ಕೊಂಡಿ ಎಣಿಸಿ, ಅಷ್ಟೇ ಇಡ್ರಿ. ಆದರೆ ಹಿಂದೆ ಯಾರಾದರೂ ಎರಡು ಕಿತ್ತಿದ್ದರೆ ಆ ಎರಡನ್ನೂ ಸೇರಿಸಿ ಎಣಿಸಬೇಕು. ಎರಡು ತುದಿಯಲ್ಲೂ ರೋಲರ್ ಇರೋ ಒಳಕೊಂಡಿ ಉಳೀಬೇಕು, ಇಲ್ಲದಿದ್ದರೆ ಆ ತುದಿಗಳನ್ನ ಸೇರಿಸೋ ಲಾಕ್ ಕೂರಲ್ಲ.

ಇನ್ನು ಆ ಸುತ್ತಿಗೆ! ಮೊಳೆ ಒಂಚೂರು ಓರೆಯಾದರೆ ಪಟ್ಟಿ ಬಾಗುತ್ತೆ, ಆ ಕೊಂಡಿ ಮಡಚದೆ ಬಿಗಿ ನಿಲ್ಲುತ್ತೆ, ಫ್ರೀವೀಲ್ ಸುತ್ತಿ ಬರುವಾಗ ಪ್ರತಿ ಸಲ ಟಕ್ ಅಂತ ಎಗರುತ್ತೆ. ಅದನ್ನೂ "ಹೊಸದಲ್ವಾ, ಓಡ್ತಾ ಓಡ್ತಾ ಸರಿಹೋಗ್ತದೆ" ಅಂತ ಸಾಗಹಾಕ್ತಾರೆ. ಕಿತ್ತ ಪಿನ್ನನ್ನೇ ಮತ್ತೆ ಬಡಿದು ಕೂರಿಸಿದರೆ ತೂತು ದೊಡ್ಡದಾಗಿರುತ್ತೆ. ಗೇರ್ ಚೈನಿನಲ್ಲಿ ಹಾಗೆ ಮಾಡಿದ್ದು ಏರಿನಲ್ಲಿ ತುಳಿಯುವಾಗ ಕಿತ್ತು ಬರಬಹುದು. ಚೈನ್ ಕಟರ್ ಅಂತ ಅಂಗೈಯಗಲದ ಸಾಮಾನು ಸಿಗುತ್ತೆ. ಕೊಂಡಿಯನ್ನ ಅದರ ಹಲ್ಲಿನ ಮೇಲೆ ಕೂರಿಸಿ, ಸ್ಕ್ರೂ ತುದಿ ಪಿನ್ನಿನ ನಟ್ಟನಡುವೆ ಇದೆಯಾ ನೋಡಿ, ನಿಧಾನಕ್ಕೆ ತಿರುಗಿಸಿದರೆ ಪಿನ್ ಸದ್ದಿಲ್ಲದೆ ಆಚೆ ಬರುತ್ತೆ.

ಜೋಡಿಸೋ ಮುಂಚೆ ಹಿಂದಿನ ಚಕ್ರದ ನಟ್ ಸಡಿಲಿಸಿ ಚಕ್ರ ಮುಂದಕ್ಕೆ ತಳ್ಳಿ. ಎರಡು ಪಿನ್ನಿನ ಲಾಕನ್ನ ಒಳಬದಿಯಿಂದ ಹೊರಕ್ಕೆ ತೂರಿಸಿ, ಮೇಲೆ ಪಟ್ಟಿ ಇಟ್ಟು, ಕ್ಲಿಪ್ ಹಾಕಬೇಕು. ಶೇಕಡಾವಾರು ಲೆಕ್ಕ ಯಾರಿಟ್ಟಿದ್ದಾರೋ, ಈ ಕ್ಲಿಪ್ ಉಲ್ಟಾ ಕೂತಿರೋ ಸೈಕಲ್ಲುಗಳು ಬೇಕಾದಷ್ಟು ಓಡಾಡ್ತಿವೆ. ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗಿರಬೇಕು. ಅಂದರೆ ಲಾಕ್ ಮೇಲ್ಸಾಲಿನಲ್ಲಿದ್ದಾಗ ಅದು ಪೆಡಲ್ ಕಡೆ, ಸೀಳಿದ ತುದಿ ಹಿಂದಿನ ಚಕ್ರದ ಕಡೆ. ಉಲ್ಟಾ ಇದ್ದರೆ ಚೈನ್ ಕವರಿಗೆ ಒಮ್ಮೆ ತಗುಲಿದರೂ ಕ್ಲಿಪ್ ಹಾರುತ್ತೆ, ಹಿಂದೆಯೇ ಚೈನೂ. ಒಂದು ಪ್ಲೇಟ್ ಮಿರ್ಚಿಗಿಂತ ಅಗ್ಗದ ಸಾಮಾನು, ಅದಕ್ಕೆ ಮೈ ತರಚಿಕೊಳ್ಳಬೇಕಾ? ಕ್ಲಿಪ್ ಒತ್ತುವಾಗ ಪ್ಲೇಯರಿನ ಒಂದು ಬಾಯಿ ಮುಚ್ಚಿದ ತುದಿಗೆ, ಇನ್ನೊಂದು ಸೀಳಿದ ತುದಿ ಕಡೆಯ ಪಿನ್ನಿಗೆ. ಟಕ್ ಅಂದರೆ ಕೂತಿತು.

ಆಮೇಲೆ ಚಕ್ರ ಹಿಂದಕ್ಕೆ ಎಳೀರಿ. ಕೆಳಸಾಲಿನ ನಡುವೆ ಬೆರಳಿಟ್ಟರೆ ಮೇಲೆ ಕೆಳಗೆ ಸೇರಿ ಅರ್ಧ ಇಂಚು ಆಡಬೇಕು. ತಂತಿಯಂತೆ ಬಿಗಿದು "ಟೈಟಾಗಿದೆ ನೋಡ್ರಿ" ಅನ್ನೋರೂ ಇದ್ದಾರೆ. ಹಾಗೆ ಬಿಗಿದರೆ ಪೆಡಲ್ ಭಾರ, ಬೇರಿಂಗಿಗೂ ಪೆಟ್ಟು. ಪೆಡಲ್ ಹತ್ತಿರದ ಹಲ್ಲುಗಾಲಿ, ಅಂದರೆ ಚೈನ್‌ವೀಲ್, ಪೂರ್ತಿ ದುಂಡಗಿರಲ್ಲ, ಅದಕ್ಕೆ ಪೆಡಲ್ ತಿರುಗಿಸ್ತಾ ಅತಿ ಬಿಗಿಯಾಗೋ ಜಾಗದಲ್ಲೇ ಅಳತೆ ನೋಡಿ. ಬಲಗಡೆ ನಟ್ ಬಿಗಿಯುವಾಗ ಆಕ್ಸಲ್ ಮುಂದಕ್ಕೆ ಜಾರುತ್ತೆ, ಬಿಗಿದ ಮೇಲೆ ಇನ್ನೊಮ್ಮೆ ಆಡಿಸಿ ನೋಡ್ರಿ.

ಗೇರ್ ಸೈಕಲ್ಲಿಗೆ ಕ್ಲಿಪ್ ಬೇಡವೇ ಬೇಡ. ಹಿಂದೆ ಎಷ್ಟು ಗೇರ್ ಇದೆಯೋ ಅಷ್ಟೇ ಸ್ಪೀಡಿನ ಕ್ವಿಕ್ ಲಿಂಕ್ (ಕ್ಲಿಪ್ ಇಲ್ಲದೆ ಕೂರೋ ಜೋಡಿಸೋ ಕೊಂಡಿ) ಕೊಳ್ಳಿ. ಅದನ್ನ ಮೇಲ್ಸಾಲಿಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿದರೆ ತಾನೇ ಲಾಕ್ ಆಗುತ್ತೆ.

ಇಷ್ಟೆಲ್ಲ ಆದ ಮೇಲೆ ಕೆಲವರು ಕೊನೇ ಸೇವೆ ಅಂತ ಬೈಕಿನಿಂದ ಇಳಿಸಿದ ಕರಿ ಆಯಿಲ್ ಬಳೀತಾರೆ! ಅದರಲ್ಲಿ ಇಂಜಿನ್ನಿನ ಲೋಹದ ಪುಡಿಯೇ ಇರುತ್ತೆ, ಮೇಲೆ ನಮ್ಮ ರಸ್ತೆ ಧೂಳು. ಎರಡೂ ಸೇರಿ ಹೊಸ ಪಿನ್ನನ್ನ ಅರೀತವೆ. ಕೊಬ್ಬರಿ ಎಣ್ಣೆಯೂ ಬೇಡ, ಅಂಟಾಗುತ್ತೆ. ಹೊಲಿಗೆ ಮಿಷನ್ ಎಣ್ಣೆ ಪ್ರತಿ ರೋಲರಿಗೆ ಒಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಿ. ತೆಳು ಎಣ್ಣೆ, ಬೇಗ ಹೋಗಿಬಿಡುತ್ತೆ. ಚೈನ್ ಕಿರ್ ಅನ್ನೋಕೆ ಮುಂಚೆ, ಮಳೆಯಲ್ಲಿ ನೆನೆದ ದಿನವಂತೂ ತಪ್ಪದೆ, ಮತ್ತೆ ಹಾಕ್ರಿ.