ಮಾರ್ಕು, ಇಲ್ಲವೇ ಮಾರ್ಕೆಟ್ಟು

ನಿನ್ನೆ ಸಂಜೆಯಿಂದ ತಲೆ ಕೆಟ್ಟು ಕೂತಿದೆ. ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬರೆದು ಹೊರಗೆ ಹಾಕದಿದ್ದರೆ ಇವತ್ತಿನ ಸಾರಿಗೂ ಅದೇ ಗತಿ. ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಹೇಗೂ ನಿಮ್ಮಲ್ಲಿ ಅರ್ಧ ಜನ ಅದನ್ನೇ ಮಾಡುವವರು.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ ಅಲ್ಲವೇ, ಅದರ ಲೆಕ್ಕದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ನಿನ್ನೆ ಒಂದು ಕಾರ್ಯಕ್ರಮ. ಹೆಸರು ‘ಮನಸ್ಸಿನ ನೆಮ್ಮದಿಗಾಗಿ ಕಲೆ’. ವಾಟ್ಸಾಪಿನಲ್ಲಿ ಬಂದಾಗ ನಿಜವಾಗಿ ಖುಷಿಯಾಗಿತ್ತು. ಯಾರು ಏನು ಮಾಡಿಟ್ಟುಕೊಂಡಿದ್ದೀರೋ ತನ್ನಿ, ಎಲ್ಲರಿಗೂ ತೋರಿಸಿ ಅಂತ ಬರೆದಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಮೊದಲ ಮೂವರಿಗೆ ಬಹುಮಾನ’.

ನೆಮ್ಮದಿಯಲ್ಲಿ ಫಸ್ಟ್ ಪ್ರೈಜ್! ಮೂರನೆಯವರಿಗೆ ನೆಮ್ಮದಿ ತುಸು ಕಡಿಮೆ, ಸಮಾಧಾನಕರ ಬಹುಮಾನದವರಿಗೆ ಬರೀ ಸಮಾಧಾನ. ಉಳಿದವರು ಮನೆಗೆ ಹೋಗಿ ನಿದ್ದೆಗೆಟ್ಟು ಮಲಗಬೇಕು.

ನಗಬೇಡಿ. ಜಡ್ಜುಗಳ ಸಾಲಿನ ಮೂರನೇ ಕುರ್ಚಿಯಲ್ಲಿ ಕೂತಿದ್ದವಳು ನಾನೇ.

‘ಮೇಡಂ, ನೀವು ಟೀಚರ್ ಆಗಿದ್ದೋರು, ಮಾರ್ಕ್ಸ್ ಹಾಕಿ ಅಭ್ಯಾಸ ಇರುತ್ತೆ’ ಅಂತ ಸೆಕ್ರೆಟರಿ ಕರೆದರು. ಗಣಿತದ ಟೀಚರಿಗೂ ಚಿತ್ರಕ್ಕೂ ಎಲ್ಲಿಗೆಲ್ಲಿಯ ಸಂಬಂಧ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಕರೆದರೆಂದು ಹಿಗ್ಗಿದೆ. ಸೀರೆ ಇಸ್ತ್ರಿ ಮಾಡಿಕೊಂಡು ಹೋದೆ. ಕೈಗೆ ಒಂದು ಹಾಳೆ ಕೊಟ್ಟರು: ಸೃಜನಶೀಲತೆ 10, ಅಚ್ಚುಕಟ್ಟು 10, ಬಣ್ಣ 10, ಸಂದೇಶ 10. ಇಪ್ಪತ್ತಾರು ವರ್ಷ ಕೆಂಪು ಪೆನ್ನು ಹಿಡಿದ ಕೈ, ಹಾಳೆ ಕಂಡೊಡನೆ ತಾನಾಗಿಯೇ ಗೆರೆ ಎಳೆಯಲು ಶುರು ಮಾಡಿತು.

ಪಕ್ಕದ ಬ್ಲಾಕಿನ ಕಾಕಾ ಬಗ್ಗೆ ಇಲ್ಲಿ ಹಿಂದೊಮ್ಮೆ ಬರೆದಿದ್ದೆ, ನೆನಪಿರಬಹುದು. ನಮ್ಮ ಕಡೆಯವರು. ಮೂವತ್ತು ವರ್ಷ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ರಿಟೈರ್ ಆದ ಮೇಲೆ ಮಗನ ಮನೆ ಅಂತ ಬೆಂಗಳೂರಿಗೆ ಬಂದವರು. ಲಿಫ್ಟಿನಲ್ಲಿ ಸಿಕ್ಕಾಗ ‘ಅಕ್ಕೋರ, ಊಟ ಆತ್ರ್ಯಾ’ ಅಂತ ಕೇಳುವವರು ಈ ಇಡೀ ಕಟ್ಟಡದಲ್ಲಿ ಅವರೊಬ್ಬರೇ. ಫಸ್ಟ್ ಬಸ್ಸಿನ ಡ್ಯೂಟಿಯ ಅಭ್ಯಾಸವೋ ಏನೋ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿಬಿಡುತ್ತದಂತೆ. ಎದ್ದರೆ ಹೋಗಲಿಕ್ಕೆ ಡಿಪೋ ಇಲ್ಲ. ಒಂದು ವರ್ಷ ಸುಮ್ಮನೆ ಸೋಫಾದ ಮೇಲೆ ಕೂತು ಗೋಡೆ ನೋಡಿದ್ದಾರೆ. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ತಿರುವಿ, ಮೊಮ್ಮಗನ ಸ್ಕೆಚ್ ಪೆನ್ನು ತೆಗೆದುಕೊಂಡು ಬಸ್ಸು ಬರೆಯಲು ಕೂತಿದ್ದಾರೆ.

ಬಸ್ಸು ಅಂದರೆ ಹೊರಗಿನಿಂದ ಕಾಣುವ ಬಸ್ಸಲ್ಲ, ಒಳಗಿನದು. ಕಂಡಕ್ಟರ್ ಹಿಂದಿನಿಂದ ಮುಂದಕ್ಕೆ ಬರುವಾಗ ಕಾಣುವ ಹಾಗೆ ತಲೆಗಳು, ಸೆರಗು ಹೊದ್ದವು, ಟೋಪಿಯವು, ಕಿಟಕಿಗೆ ಆನಿಸಿ ಮಲಗಿದವು. ಮೇಲೆ ಚೀಲ, ಕೆಳಗೆ ಚೀಲ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಊರಿನ ಹೆಸರು: ತಡಸ, ಮುಂಡಗೋಡ, ಮಳಗಿ, ಶಿರಸಿ. ನಲವತ್ತೊಂದು ಹಾಳೆ ತಂದಿದ್ದರು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ. ಟೇಬಲ್ ಮೇಲೆ ಹಿಡಿಸದೆ ನೆಲದ ಮೇಲೆ ಸಾಲಾಗಿ ಹಾಸಿದರು. ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ರೂಪಾಯಿ ನಾಣ್ಯ ಇಟ್ಟರು. ಚಿಲ್ಲರೆ ಮನೆಯಿಂದಲೇ ತಂದಿದ್ದರು, ಕಂಡಕ್ಟರ್ ಅಲ್ಲವೇ.

ಮೊದಲ ಜಡ್ಜು, ಡ್ರಾಯಿಂಗ್ ಕ್ಲಾಸ್ ನಡೆಸುವವರು, ಬಗ್ಗಿ ನೋಡಿ ‘ಅಂಕಲ್, ಪರ್ಸ್ಪೆಕ್ಟಿವ್ ಸರಿ ಇಲ್ಲ. ಹಿಂದಿನ ಸೀಟು ದೊಡ್ಡದಾಗಿ ಬರ್ಬೇಕು, ಮುಂದಿಂದು ಚಿಕ್ಕದು’ ಅಂದರು. ಎರಡನೆಯವರು ಯಾವುದೋ ಜಾಹೀರಾತಿನ ಕೆಲಸದವರು. ‘ವಾವ್ ಅಂಕಲ್! ಒಂದು ಇನ್‌ಸ್ಟಾ ಪೇಜ್ ಮಾಡಿಬಿಡಿ. ನಾಸ್ಟಾಲ್ಜಿಯಾ ಈಗ ಚೆನ್ನಾಗಿ ಮೂವ್ ಆಗುತ್ತೆ. ಮಗ್ ಮೇಲೆ ಪ್ರಿಂಟ್ ಹಾಕಿಸಿದ್ರೆ ಒಂದಕ್ಕೆ ಐನೂರು ಗ್ಯಾರಂಟಿ’ ಅಂದರು.

ಇನ್ನು ಮೂರನೇ ಜಡ್ಜು. ಏನೂ ಅನ್ನಲಿಲ್ಲ. ‘ಸಂದೇಶ’ ಅಂತ ಇದ್ದ ಕಾಲಮ್ಮಿನಲ್ಲಿ ಏನು ಹಾಕಬೇಕೆಂದು ಯೋಚಿಸಿ 4 ಹಾಕಿದಳು.

ಫಸ್ಟ್ ಪ್ರೈಜ್ ಬಂದದ್ದು ಒಂದು ಮಿದುಳಿನ ಚಿತ್ರಕ್ಕೆ. ಅರ್ಧ ಮಿದುಳಿನಲ್ಲಿ ಹೂವು, ಅರ್ಧದಲ್ಲಿ ಮೋಡ, ಸಿಡಿಲು. ಈ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ, ಗೂಗಲ್ಲಿನಲ್ಲಿ ಹುಡುಕಿದರೆ ಎಮ್ಮೆ ಹಿಂಡಿನ ಹಾಗೆ ಬರುತ್ತವೆ. ಬರೆದ ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಸಂದೇಶಕ್ಕೆ 10 ಮಾರ್ಕು ಇಟ್ಟರೆ ಮಕ್ಕಳು ಸಂದೇಶವನ್ನೇ ಬರೆಯುತ್ತವೆ. ಕಾಕಾ ಪೂರ್ತಿ ಕಾರ್ಯಕ್ರಮ ಕೂತು, ಚಪ್ಪಾಳೆ ತಟ್ಟಿ, ನಾಣ್ಯ ಎಣಿಸಿ ಜೇಬಿಗೆ ಹಾಕಿಕೊಂಡು, ಹಾಳೆ ಸುತ್ತಿಕೊಂಡು ಹೋದರು. ಊಟಕ್ಕೆ ನಿಲ್ಲಲಿಲ್ಲ.

ನನ್ನ ಜಗಳ ಇಷ್ಟೇ. ನಮ್ಮಲ್ಲಿ ಕೈಯಿಂದ ಮಾಡಿದ ವಸ್ತುವನ್ನು ಒಬ್ಬರು ಹೊರಗೆ ತಂದು ತೋರಿಸಿದರೆ ನಮಗೆ ಗೊತ್ತಿರುವುದು ಎರಡೇ ಪ್ರಶ್ನೆ: ಎಷ್ಟು ಚೆನ್ನಾಗಿದೆ? ಎಷ್ಟಕ್ಕೆ ಹೋಗುತ್ತದೆ? ಮಾರ್ಕು, ಇಲ್ಲವೇ ಮಾರ್ಕೆಟ್ಟು. ಮೂರನೆಯದು ನಮಗೆ ಹೊಳೆಯುವುದೇ ಇಲ್ಲ. ಕ್ರೋಶಾ ಹಾಕಿದವಳಿಗೆ ‘ಆರ್ಡರ್ ತಗೋತೀಯಾ’, ಕವಿತೆ ಬರೆದವನಿಗೆ ‘ಸ್ಪರ್ಧೆಗೆ ಕಳಿಸು’, ಬಾತ್‌ರೂಮಿನಲ್ಲಿ ಹಾಡಿಕೊಳ್ಳುವ ಹುಡುಗಿಗೆ ‘ರಿಯಾಲಿಟಿ ಶೋ ಆಡಿಷನ್ ಯಾವಾಗ’. ಪಾಪ, ಅವಳು ಸ್ನಾನ ಮಾಡುತ್ತಿದ್ದಳು ಕಣ್ರೀ.

ಇದನ್ನು ಹೇಳುವ ಹಕ್ಕು ನಿನಗೇನಿದೆ ಅಂತ ಕೇಳುವವರು ಕೇಳಲಿ. ನನಗೆ 2019ರಲ್ಲಿ ಆದದ್ದು ನಿಮ್ಮಲ್ಲಿ ಹತ್ತಿರದವರಿಗೆ ಗೊತ್ತು, ಉಳಿದವರಿಗೆ ಈಗ ಗೊತ್ತಾಗಲಿ, ನಾಚಿಕೆಯೇನಿಲ್ಲ. ಅವ್ವ ಹೋದ ಮೇಲೆ ಖಿನ್ನತೆ ಹಿಡಿಯಿತು. ಹದಿನಾಲ್ಕು ತಿಂಗಳು ಮಾತ್ರೆ ತೆಗೆದುಕೊಂಡೆ. ಮಾತ್ರೆಯ ಜೊತೆ ಡಾಕ್ಟರು ‘ಕೈಗೆ ಏನಾದರೂ ಕೆಲಸ ಕೊಡಿ’ ಅಂದಿದ್ದರು. ನನಗೆ ಬರುತ್ತಿದ್ದದ್ದು ಚುಕ್ಕಿ ರಂಗೋಲಿ ಒಂದೇ. ಬಾಗಿಲ ಮುಂದೆ ಹಾಕಲಿಕ್ಕೆ ಎದ್ದು ಬರುವ ತ್ರಾಣವಿರಲಿಲ್ಲ. ಹಾಸಿಗೆಯಲ್ಲೇ ಕೂತು ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದಲ್ಲಿ ಹಾಕುತ್ತಿದ್ದೆ. ನಡುವೆ 15 ಚುಕ್ಕಿಯ ಸಾಲು, ಮೇಲೂ ಕೆಳಗೂ ಒಂದೊಂದೇ ಕಡಿಮೆಯಾಗುತ್ತ 8ರವರೆಗೆ, ನಡುಚುಕ್ಕಿ. ಒಟ್ಟು 169 ಚುಕ್ಕಿ, ಅಂದರೆ 13ರ ವರ್ಗ. (ಗಣಿತದವಳಿಗೆ ಇಂಥದ್ದರಲ್ಲೂ ಒಂದು ಸುಖ, ಬಿಡಿ.) ಎಳೆ ಹೊರಟು ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ಸೇರುವವರೆಗೆ ತಲೆಯೊಳಗಿನ ಗದ್ದಲ ಸುಮ್ಮನಿರುತ್ತಿತ್ತು. ದಿನಕ್ಕೆ ನಲವತ್ತು ನಿಮಿಷ ಸುಮ್ಮನಿರುವುದು ಅಂದರೆ ಆಗ ನನಗೆ ಹಬ್ಬ.

ಒಂದು ದಿನ ಧೈರ್ಯ ಮಾಡಿ ಒಂದು ಹಾಳೆಯ ಫೋಟೋ ತೆಗೆದು ಸಹೋದ್ಯೋಗಿಗಳ ಗ್ರೂಪಿಗೆ ಹಾಕಿದೆ. ನಾನಿನ್ನೂ ಇದ್ದೇನೆ ಅಂತ ಹೇಳುವುದಿತ್ತು, ಅಷ್ಟೇ. ಎರಡು ನಿಮಿಷದೊಳಗೆ ಅದೇ ಫೋಟೋ ವಾಪಸು ಬಂತು, ಎಡಗಡೆ ಕೆಂಪು ಸುತ್ತು ಹಾಕಿಕೊಂಡು. ‘ಮೇಡಂ, ಇಲ್ಲಿ ಒಂದು ಎಳೆ ತಪ್ಪಿದೆ ನೋಡಿ 😊’. ಆ ಸ್ಮೈಲಿ! ಎಳೆ ತಪ್ಪಿದ್ದು ನನಗೆ ಗೊತ್ತಿತ್ತು. ಅಲ್ಲಿಗೆ ಬಂದಾಗ ಅಳು ಬಂದು ಕೈ ನಡುಗಿತ್ತು, ಅಳಿಸದೆ ಹಾಗೇ ಬಿಟ್ಟಿದ್ದೆ. ಪುಸ್ತಕ ಮುಚ್ಚಿಟ್ಟವಳು ಮತ್ತೆ ತೆಗೆದದ್ದು ಐದು ತಿಂಗಳಿಗೆ.

ಇಷ್ಟೆಲ್ಲ ಅನುಭವಿಸಿದವಳು ನಿನ್ನೆ ಕಾಕಾನ ಬಸ್ಸಿಗೆ 4 ಹಾಕಿ ಬಂದೆ. ಸಾರಿಗೆ ಉಪ್ಪು ಎರಡು ಸಲ ಯಾಕೆ ಬಿತ್ತು ಅಂತ ಈಗ ತಿಳಿಯಿತಲ್ಲ.

ರಾತ್ರಿ ನಿದ್ದೆ ಬರದೆ ಹಳೆಯದೊಂದು ಸಂಗತಿ ಮತ್ತೆ ತೆಗೆದು ಓದಿದೆ, ಆಗ ಮಗಳು ಕಳಿಸಿದ್ದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಅವರ ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನ. 39 ಜನ ದೊಡ್ಡವರನ್ನು ಕೂರಿಸಿ, ಮುಂದೆ ಜೇಡಿಮಣ್ಣು, ಮಾರ್ಕರ್ ಪೆನ್ನು, ಕೊಲಾಜಿಗೆ ಕಾಗದ ಇಟ್ಟು, 45 ನಿಮಿಷ ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟರು. ಮೊದಲೊಮ್ಮೆ, ಆಮೇಲೊಮ್ಮೆ ಜೊಲ್ಲು ತೆಗೆದು ಕಾರ್ಟಿಸಾಲ್ ಅಳೆದರು. ಒತ್ತಡ ಆದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ನಾಲ್ಕರಲ್ಲಿ ಸುಮಾರು ಮೂರು ಪಾಲು ಜನಕ್ಕೆ ಅದು ಇಳಿದಿತ್ತು. ನಾನು ಪೆನ್ನಿನಲ್ಲಿ ಅಡಿಗೆರೆ ಎಳೆಯುವುದು ಇದರ ಮುಂದಿನ ಮಾತಿಗೆ: ಮೊದಲೇ ಚಿತ್ರ ಬರೆದು ಪಳಗಿದವರಿಗೂ ಏನೂ ಬಾರದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಪರ್ಸ್ಪೆಕ್ಟಿವ್ ತಪ್ಪಿದ್ದು ಜೊಲ್ಲಿಗೆ ಗೊತ್ತಾಗುವುದಿಲ್ಲ ಸ್ವಾಮಿ! 39 ಅಂದರೆ ನನ್ನ ಒಂದು ಸೆಕ್ಷನ್ನಿಗಿಂತ ಕಡಿಮೆ ತಲೆಗಳು, ಅದರ ಮೇಲೆ ಕೋಟೆ ಕಟ್ಟಲು ಹೊರಟಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ, ಕಲೆಗೂ ಆರೋಗ್ಯಕ್ಕೂ ನಂಟಿದೆ ಅಂತ ವರದಿ ಕೊಟ್ಟಿದೆ. ಆರ್ಟ್ ಥೆರಪಿ, ಅಂದರೆ ಕಲೆಯ ಮೂಲಕ ಚಿಕಿತ್ಸೆ, ಎಂಬ ಮಾತನ್ನು 1942ರಲ್ಲಿ ಬಳಕೆಗೆ ತಂದ ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಕಲಾವಿದ ಸ್ವತಃ ಕ್ಷಯ ರೋಗಿ. ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದಾಗ ಚಿತ್ರ ಬರೆದುಕೊಂಡು, ಆಮೇಲೆ ಉಳಿದ ರೋಗಿಗಳಿಗೂ ಆ ಹುಚ್ಚು ಹಿಡಿಸಿದವರು. ಅಲ್ಲಿ ಜಡ್ಜುಗಳ ಸಾಲು ಇತ್ತೆಂದು ನಾನಂತೂ ಓದಿಲ್ಲ.

ಈಗ ಕಾಮೆಂಟಿಗೆ ಬರುವವರ ಪರವಾಗಿ ನಾನೇ ಹೇಳಿಬಿಡುತ್ತೇನೆ. ‘ಮೇಡಂ, ಬಹುಮಾನ ಇಲ್ಲದಿದ್ದರೆ ಜನ ಬರಲ್ಲ, ಪ್ರೋತ್ಸಾಹ ಬೇಕು.’ ಬರುತ್ತಾರೆ ಬಿಡಿ, ಕೆಳಗೆ ಊಟವಿತ್ತು, ಹೋಳಿಗೆ ಬೇರೆ. ‘ದುಡ್ಡು ಬಂದರೆ ತಪ್ಪೇನು? ಬಡವರಿಗೆ ದುಡ್ಡೇ ನೆಮ್ಮದಿ.’ ಇದರಲ್ಲಿ ಹುರುಳಿದೆ, ಒಪ್ಪಿದೆ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಮಾಡಿ ಮನೆ ನಡೆಸುತ್ತಾರೆ, ಅವರಿಗೆ ಪುಕ್ಕಟೆ ಹೊಗಳಿಕೆ ಕೊಟ್ಟು ಕಳಿಸುವವನು ಕಳ್ಳ. ನಿಮ್ಹಾನ್ಸಿನ ಪುನರ್ವಸತಿ ವಿಭಾಗದಲ್ಲೂ ಬೇಕರಿ, ಟೇಲರಿಂಗ್ ಅಂತ ಕೆಲಸ ಕಲಿಸುತ್ತಾರೆ. ಕೆಲಸಕ್ಕೆ ಮರಳುವುದು ಅಲ್ಲಿ ಗುಣವಾಗುವುದರ ಒಂದು ಭಾಗ. ಆದರೆ ಅದು ಕೆಲಸ ಅಂತ ಮಾಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಪೆನ್ಷನ್ ಬರುವ ಕಾಕಾ ಮಗ್ ಮಾರುತ್ತೇನೆ ಅಂತ ನಿಮ್ಮ ಬಳಿ ಬಂದಿದ್ದರೇ? ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಬಸ್ಸು ಬರೆದರು. ನೋಡಲಿಕ್ಕೆ ನಾಲ್ಕು ಜನ ಸಿಗಬಹುದೆಂದು ತಂದರು. ಕತೆ ಇಷ್ಟೇ.

ಇನ್ನೊಂದು ಗುಂಪಿದೆ: ‘ರಂಗೋಲಿ ಹಾಕಿದರೆ ಡಿಪ್ರೆಶನ್ ಹೋಗುತ್ತೆ, ಮಾತ್ರೆ ಯಾಕೆ?’ ಹಾಗೆ ನಾನು ಹೇಳಿಲ್ಲ, ನನ್ನ ಬಾಯಿಗೆ ಅದನ್ನು ತುರುಕಬೇಡಿ. ಮಾತ್ರೆ ಇಲ್ಲದಿದ್ದರೆ ನಾನು ಪೆನ್ಸಿಲ್ ಹಿಡಿಯುವಷ್ಟೂ ಏಳುತ್ತಿರಲಿಲ್ಲ. ಕಷ್ಟದಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಹಳಿಯಾಳದ ಕಡೆ ನಾನು ನಾಲ್ಕು ವರ್ಷ ಇದ್ದದ್ದು ಗೊತ್ತಲ್ಲ. ಅಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಕವಂದಿ, ಅಂದರೆ ಕೌದಿ, ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನದ ‘ಫೂಲ’ ಕೂರಿಸಬೇಕು, ಫೂಲ ಇಲ್ಲದ ಕವಂದಿ ಬತ್ತಲೆ ಅನ್ನುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ ಹೊಲಿಯುವಾಗ ಓಣಿಯವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ‘ಇದು ಸಣ್ಣವಳ ಲಂಗ ಅಲ್ಲನು?’ ಅನ್ನುವರು. ಹೌದೆಂದರೆ ಆ ಸಣ್ಣವಳ ಮಾತು ಹೊರಡುತ್ತಿತ್ತು, ಅವಳ ಗಂಡನ ಮಾತು, ಅವನ ಕುಡಿತದ ಮಾತು. ಸಂಜೆಯಾಗುವ ಹೊತ್ತಿಗೆ ಕವಂದಿ ಒಂದು ಗೇಣು ಬೆಳೆದಿರುತ್ತಿತ್ತು.

ನಾವು ಮರೆತದ್ದು ಇದನ್ನೇ. ಎಷ್ಟು ಅಂತ ಕೇಳದೆ, ಇದು ಯಾರದು ಅಂತ ಕೇಳುವುದನ್ನು.

ಇವತ್ತು ಬೆಳಿಗ್ಗೆ ಅವಲಕ್ಕಿ ಮಾಡಿ ಡಬ್ಬಿಗೆ ಹಾಕಿಕೊಂಡು ಕಾಕಾನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದು ಲಿಫ್ಟಿನಲ್ಲಿ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆ. ಮೊದಲನೆಯದು ಮುಗಿಯುವ ಮುಂಚೆಯೇ ‘ಬಿಡ್ರಿ ಅಕ್ಕೋರ, ಕುಂಡ್ರಿ’ ಅಂದುಬಿಟ್ಟರು. ಸುಮ್ಮನೆ ಕೂತೆ. ಆಮೇಲೆ, ‘ಕಾಕಾರ, ಆ ಹಾಳಿ ಒಮ್ಮೆ ತೋರಸ್ರಿ, ನಿನ್ನೆ ನಾ ಸರಿಯಾಗಿ ನೋಡಲಿಲ್ಲ’ ಅಂದೆ.

ರಬ್ಬರ್ ಬ್ಯಾಂಡ್ ಬಿಚ್ಚಿದರು. ಸೋಫಾ, ನೆಲ, ಟಿವಿ ಸ್ಟ್ಯಾಂಡು ಎಲ್ಲ ಬಸ್ಸಾಯಿತು. ಮಳಗಿ ಅಂತ ಬರೆದಿದ್ದ ಹಾಳೆಯಲ್ಲಿ ಎಡಗಡೆ ಒಬ್ಬ ಮುದುಕಿಯ ತೊಡೆಯ ಮೇಲೆ ಕೆಂಪು ಕೆಂಪಾಗಿ ಏನೋ ಇತ್ತು. ನಿನ್ನೆ ಅದನ್ನು ಚೀಲ ಅಂದುಕೊಂಡು ಅಚ್ಚುಕಟ್ಟಿಗೆ ಒಂದು ಮಾರ್ಕು ಕಳೆದಿದ್ದೆ.

‘ಇದೇನ್ರಿ ಕಾಕಾರ?’

‘ಕೋಳಿರಿ. ಕೋಳಿಗೆ ಅರ್ಧ ಟಿಕೀಟು, ಆವಾಗ ರೂಲ್ ಇತ್ತು. ಹರೀಲಿಕ್ಕೆ ಬಿಡವಲ್ಲಳು. ನನ್ನ ಕೋಳಿ ಏನ್ ಸೀಟಿನ್ಯಾಗ ಕುಂತೈತೇನು, ನನ್ನ ತೊಡಿ ಮ್ಯಾಲ ಕುಂತೈತಿ, ತೊಡಿಗೂ ಟಿಕೀಟ್ ಹರೀತಿಯೇನು ಅಂತ ಜಗಳಾ ತೆಗದಳು. ಬಸ್ಸಿನ್ಯಾಗಿನ ಮಂದಿಯೆಲ್ಲ ಆಕಿ ಕಡೇನ ಆದ್ರು. ಡ್ರೈವರ್ ಸೈತ! ಕಡೀಕ ಟಿಕೀಟ್ ನಾನ ಹರದು ನನ್ನ ರೊಕ್ಕಾನ ಹಾಕಿದೆ.’

ಹೇಳುತ್ತ ಹೇಳುತ್ತ ಕಾಕಾ ಎದ್ದು ನಿಂತಿದ್ದರು, ಒಂದು ಕೈ ಮೇಲೆ, ಇಲ್ಲದ ಕಂಬಿ ಹಿಡಿದಂತೆ. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಈ ಕತೆ ಅವಳೂ ಕೇಳಿರಲಿಲ್ಲವಂತೆ.

‘ಆಕಿ ಮತ್ತ ಸಿಕ್ಕಿದ್ದಳೇನ್ರಿ?’ ಅಂದೆ.

‘ಮಳಗ್ಯಾಗ ಇಳಿದು ಹೋದಾಕಿ, ಮತ್ತ ನನ್ನ ಬಸ್ ಹತ್ತಲೇ ಇಲ್ಲರಿ’ ಅಂದರು ಕಾಕಾ, ಅವಲಕ್ಕಿಯ ಡಬ್ಬಿಗೆ ಕೈ ಹಾಕುತ್ತ. ‘ಮೂರು ರೂಪಾಯಿ ಇನ್ನೂ ಕೊಡೋದೈತಿ.’