ಕಡಲು ಕಾಣಿಸಿದರೆ ಬೇರೆ ದರ

ಮಗಳ ಮದುವೆಗೆ ಛತ್ರ ಗೊತ್ತುಮಾಡುವಾಗ ಮೂರು ದಿನಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳದ ನನ್ನ ಷಡ್ಡಕರು, ಸಿಂಗಪುರದಿಂದ ಪಿನಾಂಗಿಗೆ ಹೋಗಿ ಬರುವ ವಿಹಾರದ ಹಡಗಿನಲ್ಲಿ ಮೂರು ರಾತ್ರಿ ಮಲಗಬೇಕಾದ ಕೋಣೆ ಯಾವ ಬಗೆಯದಿರಬೇಕೆಂದು ಮೂರು ವಾರಗಳಿಂದ ಯೋಚಿಸುತ್ತಿದ್ದಾರೆ. ಹಡಗಿನ ಒಂದೊಂದು ಅಂತಸ್ತಿನ ನಕ್ಷೆಯೂ ಬಣ್ಣದಲ್ಲಿ ಅಚ್ಚಾಗಿ ಅವರ ಊಟದ ಮೇಜಿನ ತುಂಬ ಹರಡಿಕೊಂಡಿದೆ. ನೋಡಿದವರಿಗೆ ಅದು ಪ್ರವಾಸದ ಸಿದ್ಧತೆಯೆಂದು ತೋರುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಯಾರೋ ಹೊಸ ಬಡಾವಣೆ ಮಾಡಿ ಸೈಟು ಹಂಚುತ್ತಿದ್ದಾರೆಂದೇ ತೋರುತ್ತದೆ. ಮೂಲೆ ಸೈಟಿಗೆ ಒಂದು ದರ, ಪಾರ್ಕಿನ ಎದುರಿನದಕ್ಕೆ ಇನ್ನೊಂದು, ಮೋರಿಯ ಪಕ್ಕದ್ದಕ್ಕೆ ರಿಯಾಯಿತಿ ಎಂಬ ನಮ್ಮ ಹಳೆಯ ಲೆಕ್ಕಾಚಾರವೆಲ್ಲ ಅಲ್ಲಿಯೂ ಇದೆ. ವ್ಯತ್ಯಾಸವಿಷ್ಟೇ: ಈ ಬಡಾವಣೆ ನೀರಿನ ಮೇಲೆ ಚಲಿಸುತ್ತದೆ, ಮತ್ತು ನಾಲ್ಕನೆಯ ದಿನ ಬೆಳಿಗ್ಗೆ ಸೈಟನ್ನು ಬಿಟ್ಟುಕೊಟ್ಟು ಪೆಟ್ಟಿಗೆಯ ಸಮೇತ ಇಳಿದುಹೋಗಬೇಕು.

ಹಡಗಿನ ಕೋಣೆಗಳಲ್ಲಿ ಮೂಲತಃ ನಾಲ್ಕು ವರ್ಣಗಳಿವೆ. ಎಲ್ಲಕ್ಕಿಂತ ಕೆಳಗಿನದು ಒಳಕೋಣೆ. ಅದಕ್ಕೆ ಕಿಟಕಿಯಿಲ್ಲ, ದೀಪ ಆರಿಸಿದರೆ ಮಧ್ಯಾಹ್ನವೂ ಮಧ್ಯರಾತ್ರಿಯೂ ಒಂದೇ. ಅದರ ಮೇಲಿನದು ಕಿಟಕಿಯ ಕೋಣೆ. ಕಡಲು ಕಾಣುತ್ತದೆ, ಆದರೆ ಕಿಟಕಿ ತೆರೆಯುವುದಿಲ್ಲವಾದ್ದರಿಂದ ಗಾಳಿ ಬರುವುದಿಲ್ಲ. ಮೂರನೆಯದು ಬಾಲ್ಕನಿ, ಇಲ್ಲಿ ಗಾಳಿಯೂ ಉಂಟು, ಎರಡು ಕುರ್ಚಿಗಳೂ ಉಂಟು. ನಾಲ್ಕನೆಯದನ್ನು ಷಡ್ಡಕರು ‘ಸೂಟ್’ ಎಂದು ಓದಿದಾಗ, ಟ್ರಾವೆಲ್ಸಿನ ಹುಡುಗ ‘ಸ್ವೀಟ್ ಅನ್ನಬೇಕು ಸಾರ್’ ಎಂದು ತಿದ್ದಿದನಂತೆ. ದರ ಕೇಳಿದ ಮೇಲೆ ಬಾಯಿ ಕಹಿಯಾದದ್ದಕ್ಕೆ ಅವನು ಹೊಣೆಯಲ್ಲ. ನಾಲ್ಕು ವರ್ಣದವರೂ ಒಂದೇ ಯಂತ್ರದ ಬಲದಿಂದ, ಒಂದೇ ಅಲೆಯ ಮೇಲೆ, ಒಂದೇ ಗಳಿಗೆಗೆ ಒಂದೇ ಬಂದರನ್ನು ಸೇರುತ್ತಾರೆ. ಲಿಫ್ಟಿನಲ್ಲಿ ಮೇಲಿನ ಅಂತಸ್ತಿಗೆ ಹೋದರೆ ಅದೇ ಕಡಲು ಎಲ್ಲರಿಗೂ ಬಿಟ್ಟಿಯಾಗಿ, ಮುನ್ನೂರರವತ್ತು ಡಿಗ್ರಿಯಲ್ಲಿ, ಬೇಕಾದಷ್ಟು ಹೊತ್ತು ಕಾಣಿಸುತ್ತದೆ. ಹಣ ಕೇಳುವುದು ಅದನ್ನು ಹಾಸಿಗೆಯ ಮೇಲೆ ಮಲಗಿಕೊಂಡು ನೋಡುವುದಕ್ಕೆ ಮಾತ್ರ.

ವರ್ಣಗಳು ನಾಲ್ಕಾದ ಮೇಲೆ ಒಳಪಂಗಡಗಳು ಹುಟ್ಟದೆ ಇರಲು ಸಾಧ್ಯವೇ? 2024ರ ಜನವರಿಯಲ್ಲಿ ಮಯಾಮಿಯಿಂದ ಸಂಚಾರ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಎಂಬ ಹಡಗಿನಲ್ಲಿ 20 ಅಂತಸ್ತುಗಳಿವೆ, ಗರಿಷ್ಠ 7,600 ಪ್ರಯಾಣಿಕರಿಗೆ ಸ್ಥಳವಿದೆ ಮತ್ತು ಕೋಣೆಗಳಲ್ಲಿ 28 ಬಗೆಗಳಿವೆ. ಇಪ್ಪತ್ತೇಳು ನಕ್ಷತ್ರಗಳ ಜೊತೆಗೆ ಅಭಿಜಿತ್ತನ್ನು ಸೇರಿಸಿಕೊಂಡರೆ ಸರಿಯಾಗಿ ಇಪ್ಪತ್ತೆಂಟಾಗುತ್ತದೆ. ಆದರೆ ನಕ್ಷತ್ರವನ್ನು ಯಾರೂ ಆರಿಸಿಕೊಳ್ಳಬೇಕಾಗಿಲ್ಲ, ಹುಟ್ಟುವಾಗಲೇ ಅದು ತಾನಾಗಿ ಬಂದಿರುತ್ತದೆ ಎಂಬುದು ನಮ್ಮ ಹಿರಿಯರು ಮಾಡಿಟ್ಟಿರುವ ದೊಡ್ಡ ಉಪಕಾರ. ಆ ಹಡಗಿನ ಅಭಿಜಿತ್ ನಕ್ಷತ್ರವೆಂದರೆ ಮೂರು ಅಂತಸ್ತಿನ ಒಂದು ಮನೆ. ಮೇಲಿನಿಂದ ಕೆಳಕ್ಕೆ ಬರಲು ಮಕ್ಕಳಿಗೆ ಮನೆಯೊಳಗೇ ಜಾರುಬಂಡೆಯಿದೆ. ಬಾಗಿಲಿನ ಮುಂದೆ ಬಿಳಿ ಬೇಲಿಯಿದೆ, ಬೇಲಿಯ ಬಳಿ ಒಂದು ಅಂಚೆಪೆಟ್ಟಿಗೆಯೂ ಇದೆ. ಕೆರಿಬಿಯನ್ ಕಡಲಿನ ನಡುವೆ ಆ ಪೆಟ್ಟಿಗೆಗೆ ಕಾಗದ ತಂದು ಹಾಕುವವರು ಯಾರೆಂಬುದನ್ನು ಯಾರೂ ಕೇಳಿದಂತಿಲ್ಲ. ಊರು ಬಿಟ್ಟು ಕಡಲಿಗೆ ಬಂದವನು ಅತಿ ಹೆಚ್ಚು ಹಣ ಕೊಟ್ಟಾಗ ಅವನಿಗೆ ಸಿಗುವುದು ಊರಿನ ಮನೆಯೇ ಎಂಬುದಂತೂ ಇದರಿಂದ ಖಚಿತವಾಗುತ್ತದೆ.

ಕಿಟಕಿಯ ಕೋಣೆಗಳಲ್ಲಿ ‘ನೋಟಕ್ಕೆ ಅಡಚಣೆಯುಳ್ಳದ್ದು’ ಎಂಬ ಉಪಜಾತಿಯೊಂದಿದ್ದು, ಅದಕ್ಕೆ ದರದಲ್ಲಿ ಸ್ವಲ್ಪ ಕಡಿತವಿದೆ. ಬಹಳಷ್ಟು ಸಂದರ್ಭಗಳಲ್ಲಿ ಅಡ್ಡವಾಗಿರುವುದು ಜೀವರಕ್ಷಕ ದೋಣಿ. ಹಡಗು ಮುಳುಗಿದರೆ ನಮ್ಮನ್ನು ಬದುಕಿಸಬೇಕಾದ ವಸ್ತುವು ಕಣ್ಣೆದುರಿಗೇ ತೂಗುತ್ತಿದೆ ಎಂಬ ಕಾರಣಕ್ಕೆ ನಾವು ಬೇಸರ ಪಟ್ಟುಕೊಳ್ಳುತ್ತೇವೆ, ಕಂಪನಿ ನಮಗೆ ರಿಯಾಯಿತಿ ಕೊಟ್ಟು ಸಮಾಧಾನ ಮಾಡುತ್ತದೆ. 1912ರಲ್ಲಿ ಸುಮಾರು 2,200 ಜನರನ್ನು ಹೊತ್ತು ಹೊರಟ ಟೈಟಾನಿಕ್ ಹಡಗಿನಲ್ಲಿ 1,178 ಜನರಿಗೆ ಸಾಲುವಷ್ಟು ದೋಣಿಗಳು ಮಾತ್ರ ಇದ್ದವು. ನೋಟಕ್ಕೆ ಅಡಚಣೆ ಕಡಿಮೆ ಎಂಬ ಒಂದು ಅಂಶದಲ್ಲಿ ಅದು ಅತ್ಯುತ್ತಮ ಹಡಗಾಗಿದ್ದಿರಬೇಕು.

ಒಳಕೋಣೆಯವರ ದುಃಖವನ್ನು ಕಂಪನಿಗಳು ಗಮನಿಸಲಿಲ್ಲವೆಂದು ಹೇಳುವಂತಿಲ್ಲ. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನ ಒಳಕೋಣೆಗಳಲ್ಲಿ ದುಂಡು ಕಿಟಕಿಯಂತೆ ಕಾಣುವ ಪರದೆಗಳನ್ನು ಗೋಡೆಗೆ ಕೂರಿಸಿ, ಹೊರಗಿನ ಕ್ಯಾಮೆರಾದಲ್ಲಿ ಕಾಣುವ ಕಡಲನ್ನು ಅದರಲ್ಲಿ ತೋರಿಸಲಾಯಿತು. ನಡುನಡುವೆ ವ್ಯಂಗ್ಯಚಿತ್ರದ ಪಾತ್ರಗಳೂ ಬಂದು ಇಣುಕಿಹೋಗುತ್ತವೆ. 2014ರಲ್ಲಿ ನ್ಯಾವಿಗೇಟರ್ ಆಫ್ ದಿ ಸೀಸ್ ಹಡಗಿನ ಒಳಕೋಣೆಗಳಿಗೆ 80 ಅಂಗುಲದ ಪರದೆ ಬಂದಿತು. ಅದಕ್ಕೆ ‘ಮಿಥ್ಯಾ ಬಾಲ್ಕನಿ’ ಎಂದೇ ಹೆಸರಿಡಬಹುದು, ಏಕೆಂದರೆ ಕಂಪನಿಯವರೂ ಹೆಚ್ಚುಕಡಿಮೆ ಅದನ್ನೇ ಇಟ್ಟಿದ್ದಾರೆ. ಮಾಯಾವಾದವನ್ನು ನಾವು ಇಷ್ಟು ಶತಮಾನಗಳ ಕಾಲ ಪುಕ್ಕಟೆಯಾಗಿ ಬೋಧಿಸಿದೆವಲ್ಲ ಎಂದು ಶೃಂಗೇರಿಯ ಕಡೆಯವರು ಪರಿತಪಿಸಬಹುದು. ಸಯ್ಯಾಜಿರಾವ್ ರಸ್ತೆಯ ಮನೆಯವನು, ಜಂಬೂಸವಾರಿ ತನ್ನ ಜಗಲಿಯ ಮುಂದೆಯೇ ಸಾಗುತ್ತಿರುವಾಗ ಕದ ಹಾಕಿಕೊಂಡು ಟಿವಿಯಲ್ಲಿ ನೇರಪ್ರಸಾರ ನೋಡುವುದಕ್ಕೂ, ಕಡಲಿನ ಮೇಲೆ ಕುಳಿತು ಗೋಡೆಯಲ್ಲಿ ಕಡಲಿನ ನೇರಪ್ರಸಾರ ನೋಡುವುದಕ್ಕೂ ಇರುವ ವ್ಯತ್ಯಾಸ ಒಂದೇ: ಮೈಸೂರಿನವನು ಇದಕ್ಕೆ ದುಡ್ಡು ಕೊಡುವುದಿಲ್ಲ.

ಇನ್ನೂ ಮುಂದುವರಿದವರು ಕಡಲಿನ ಗೊಡವೆಯನ್ನೇ ಬಿಟ್ಟರು. 2009ರ ಓಯಸಿಸ್ ಆಫ್ ದಿ ಸೀಸ್ ಹಡಗನ್ನು ನಡುವೆ ಸೀಳಿದಂತೆ ಕಟ್ಟಿ, ಆ ಸಂದಿನಲ್ಲಿ ನಿಜವಾದ ಗಿಡಮರಗಳ ತೋಟವನ್ನು ಬೆಳೆಸಿ, ಆ ತೋಟಕ್ಕೆ ಮುಖಮಾಡಿದ ಬಾಲ್ಕನಿಗಳನ್ನು ಇಟ್ಟಿದ್ದಾರೆ. ಅಲ್ಲಿ ಕುಳಿತರೆ ಎದುರಿಗೆ ಕಾಣುವುದು ಎದುರು ಸಾಲಿನ ಬಾಲ್ಕನಿಯಲ್ಲಿ ಕುಳಿತು ನಮ್ಮನ್ನು ನೋಡುತ್ತಿರುವ ಇನ್ನೊಬ್ಬರು. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನಲ್ಲಿ, ಎದುರು ಬ್ಲಾಕಿನವರು ಒಣಹಾಕಿದ ಪಂಚೆಯನ್ನು ನೋಡುತ್ತ ಕಾಫಿ ಕುಡಿಯುವ ಈ ಸುಖವನ್ನು ಅಟ್ಲಾಂಟಿಕ್ ಸಾಗರದವರೆಗೆ ಹೊತ್ತೊಯ್ದ ಎಂಜಿನಿಯರುಗಳ ಸಾಹಸ ಸಾಮಾನ್ಯದ್ದಲ್ಲ. ಅದಕ್ಕೂ ಮುಂಚೆ, 1999ರ ವಾಯೇಜರ್ ಆಫ್ ದಿ ಸೀಸ್ ಹಡಗಿನಲ್ಲಿ, ಒಳಗಿನ ಅಂಗಡಿಬೀದಿಗೆ ತೆರೆದುಕೊಳ್ಳುವ ಕಿಟಕಿಗಳಿದ್ದ ಕೋಣೆಗಳು ಬಂದವು. ಅದೇ ಮಾದರಿಯಲ್ಲಿ ಕಟ್ಟಿದ ಫ್ರೀಡಮ್ ಆಫ್ ದಿ ಸೀಸ್ ಹಡಗಿನ 6305ನೇ ಸಂಖ್ಯೆಯ ಕೋಣೆಯು ಹೆಸರುವಾಸಿಯಾದದ್ದು ವಿಚಿತ್ರ ಕಾರಣಕ್ಕೆ: ಅದರ ಕಿಟಕಿಯ ಎದುರು ಒಂದು ಐಸ್‌ಕ್ರೀಮ್ ಅಂಗಡಿಯ ಹಸುಗಳ ಬೊಂಬೆಗಳು ಬೆನ್ನು ತಿರುಗಿಸಿ ನಿಂತಿದ್ದವು. ನೋಟ ಕೆಟ್ಟಿತೆಂಬ ಪಶ್ಚಾತ್ತಾಪದಿಂದ ಆ ಕೋಣೆಯವರಿಗೆ ಕಂಪನಿ ಐಸ್‌ಕ್ರೀಮನ್ನು ಉಚಿತವಾಗಿ ಕೊಡುತ್ತಿತ್ತು. ಗೋವಿನ ಹಿಂಭಾಗದಲ್ಲಿ ಸಾಕ್ಷಾತ್ ಲಕ್ಷ್ಮಿಯೇ ನೆಲೆಸಿದ್ದಾಳೆಂದು ನಂಬಿ, ಗೃಹಪ್ರವೇಶದ ದಿನ ಬಾಲಕ್ಕೆ ಕೈಮುಗಿಯುವ ನಮ್ಮವರಿಗೆ ಈ ಸಂಗತಿ ಮೊದಲೇ ತಿಳಿದಿದ್ದರೆ, ಆ ಕೋಣೆಗೆ ಪರಿಹಾರವಾಗಿ ಐಸ್‌ಕ್ರೀಮ್ ಕೊಡುವ ಬದಲು ಹೆಚ್ಚುವರಿ ಶುಲ್ಕವನ್ನೇ ವಿಧಿಸಬಹುದಾಗಿತ್ತು.

ಷಡ್ಡಕರ ಸಮಸ್ಯೆ ಇಷ್ಟರಲ್ಲೇ ನಿಲ್ಲಲಿಲ್ಲ. ಬಗೆ ಯಾವುದೇ ಇರಲಿ, ಕೋಣೆ ಎಡಮಗ್ಗುಲಿಗಿರಬೇಕೋ ಬಲಮಗ್ಗುಲಿಗೋ ಎಂಬ ಪ್ರಶ್ನೆ ಎದ್ದಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡಿನಿಂದ ಮುಂಬಯಿಗೆ ಬರುತ್ತಿದ್ದ ಪಿ ಅಂಡ್ ಓ ಕಂಪನಿಯ ಹಡಗುಗಳಲ್ಲಿ, ಬಿಸಿಲು ತಾಗದಿರಲೆಂದು ಸಾಹೇಬರು ಬರುವಾಗ ಎಡಗಡೆಯ ಕೋಣೆಯನ್ನೂ ಹಿಂದಿರುಗುವಾಗ ಬಲಗಡೆಯದನ್ನೂ ಕಾದಿರಿಸುತ್ತಿದ್ದರು, ಅದನ್ನು ಹೇಳುವ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದಲೇ ಸಿರಿವಂತರ ಠೀವಿಯನ್ನು ಸೂಚಿಸುವ ‘ಪಾಶ್’ ಎಂಬ ಪದ ಹುಟ್ಟಿತು ಎಂದು ಒಂದು ಕಥೆಯಿದೆ. ಭಾಷಾಶಾಸ್ತ್ರಜ್ಞರು ಇದಕ್ಕೆ ಆಧಾರವೇ ಇಲ್ಲವೆಂದು ತಳ್ಳಿಹಾಕಿದ್ದಾರೆ. ಆದರೆ ಷಡ್ಡಕರಿಗೆ ಭಾಷಾಶಾಸ್ತ್ರದ ಮೇಲಿಲ್ಲದ ನಂಬಿಕೆ ವಾಸ್ತುಶಾಸ್ತ್ರದ ಮೇಲಿದೆ. ಕೋಣೆಯ ಬಾಗಿಲು ಪೂರ್ವಕ್ಕಿರಬೇಕು, ಮಲಗುವಾಗ ತಲೆ ಉತ್ತರಕ್ಕಿರಬಾರದು ಎಂದು ಅವರು ನಕ್ಷೆಯ ಮೇಲೆ ಗುರುತು ಹಾಕತೊಡಗಿದಾಗ, “ಭಾವ, ಪಿನಾಂಗಿಗೆ ಹೋಗುವಾಗ ಹಡಗಿನ ಮೂತಿ ವಾಯವ್ಯಕ್ಕೆ, ಬರುವಾಗ ಆಗ್ನೇಯಕ್ಕೆ ಇರುತ್ತದೆ, ಹೋಗುವಾಗ ಪೂರ್ವದ ಕಡೆಗಿದ್ದ ಬಾಗಿಲು ಬರುವಾಗ ಪಶ್ಚಿಮದ ಕಡೆಗೆ ತಿರುಗುತ್ತದೆ” ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹೋಗುವಾಗ ಒಂದು ಕೋಣೆ, ಬರುವಾಗ ಒಂದು ಕೋಣೆ ಕೊಡುತ್ತಾರೇನು, ವಿಚಾರಿಸಿ ನೋಡಿ” ಎಂದರು. ನಗಬೇಡಿ. ಇಟಲಿಯವರಿಗೆ 17 ಅಪಶಕುನವೆಂದು ಎಂಎಸ್‌ಸಿ ಕಂಪನಿಯ ಹಡಗುಗಳಲ್ಲಿ 17ನೇ ಅಂತಸ್ತೇ ಇಲ್ಲ, ಇನ್ನೂ ಹಲವು ಹಡಗುಗಳಲ್ಲಿ 12ರ ಮೇಲೆ ನೇರವಾಗಿ 14 ಬರುತ್ತದೆ. ಅಂತಸ್ತನ್ನೇ ಮಾಯ ಮಾಡಬಲ್ಲವರಿಗೆ ಪೂರ್ವ ದಿಕ್ಕನ್ನು ಹಿಡಿದು ನಿಲ್ಲಿಸುವುದು ದೊಡ್ಡದೇನಲ್ಲ.

ಕೋಣೆಯ ವಿಚಾರ ಮಲಗುವುದಕ್ಕಷ್ಟೇ ಸೀಮಿತವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕ್ವೀನ್ ಮೇರಿ 2 ಹಡಗಿನಲ್ಲಿ ನೀವು ಯಾವ ಕೋಣೆಯವರೋ ಅದಕ್ಕೆ ತಕ್ಕ ಊಟದ ಮನೆಯಲ್ಲೇ ನಿಮಗೆ ಎಲೆ ಹಾಕುತ್ತಾರೆ. ಸಾಮಾನ್ಯರಿಗೆ ಬ್ರಿಟಾನಿಯಾ, ಅವರಿಗಿಂತ ಮೇಲಿನವರಿಗೆ ಪ್ರಿನ್ಸೆಸ್ ಗ್ರಿಲ್, ಅವರಿಗಿಂತಲೂ ಮೇಲಿನವರಿಗೆ ಕ್ವೀನ್ಸ್ ಗ್ರಿಲ್. ಊರಿನಲ್ಲಿ ಪಂಕ್ತಿಭೇದದ ವಿರುದ್ಧ ಕರಪತ್ರ ಹಂಚಿದವರು, ಸಭೆಯಲ್ಲಿ ಭಾಷಣ ಮಾಡಿದವರು, ಕಡಲಿಗೆ ಹೋದಾಗ ಅದೇ ಪಂಕ್ತಿಭೇದಕ್ಕೆ ಮುಂಗಡ ಕಟ್ಟಿ ರಸೀದಿ ಪಡೆಯುತ್ತಾರೆ. ಆ ಹಡಗಿನಲ್ಲಿ ಭೇದವಿಲ್ಲದೆ ಗೌರವ ಸಿಗುವುದು ನಾಯಿಗಳಿಗೆ ಎನ್ನಬಹುದು: ಅವುಗಳ ತಾಣವನ್ನು 2016ರಲ್ಲಿ ನವೀಕರಿಸಿದಾಗ, ಬ್ರಿಟಿಷ್ ನಾಯಿಗಳು ಕಾಲೆತ್ತಲು ಅವರ ಊರಿನ ದೀಪದ ಕಂಬವನ್ನೂ ಅಮೆರಿಕದ ನಾಯಿಗಳಿಗಾಗಿ ಅಲ್ಲಿನ ಬೆಂಕಿ ನಂದಿಸುವ ನೀರಿನ ನಲ್ಲಿಯನ್ನೂ ಅಕ್ಕಪಕ್ಕದಲ್ಲೇ ನಿಲ್ಲಿಸಿದರು. ಬೇರೆ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಡಗಿನೊಳಗೊಂದು ಹಡಗನ್ನು ಮಾಡಿವೆ. ಎಂಎಸ್‌ಸಿಯವರದು ಯಾಟ್ ಕ್ಲಬ್, ನಾರ್ವೇಜಿಯನ್ ಕಂಪನಿಯವರದು ಹೇವನ್. ಅಲ್ಲಿಯವರಿಗೆ ಬೇರೆ ಈಜುಕೊಳ, ಬೇರೆ ಊಟ, ಬೇರೆ ಬಾಗಿಲು. ಉಳಿದವರ ಚೀಟಿ ಉಜ್ಜಿದರೆ ಆ ಬಾಗಿಲು ತೆರೆಯುವುದಿಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ರಜಪುತಾನ ಹಡಗಿನಲ್ಲಿ ಹೋದ ಗಾಂಧೀಜಿ, ಅದರಲ್ಲಿದ್ದ ಅತಿ ಕೆಳಗಿನ ದರ್ಜೆಯ ಟಿಕೆಟನ್ನು ಪಡೆದು ದಿನದ ಬಹುಪಾಲನ್ನು ಮೇಲಂತಸ್ತಿನ ಬಯಲಿನಲ್ಲೇ ಕಳೆದರು. ಈಗಿನ ಕಂಪನಿಗಳ ಕಣ್ಣಿಗೆ ಅವರು ಅತ್ಯಂತ ನಷ್ಟದ ಗಿರಾಕಿಯಾಗಿ ಕಾಣುತ್ತಿದ್ದರು.

ಇಪ್ಪತ್ತೆಂಟು ಬಗೆಗಳ ಪಟ್ಟಿಯಲ್ಲಿ ಇಪ್ಪತ್ತೊಂಬತ್ತನೆಯದೊಂದು ಸೇರಿಲ್ಲ. ಐಕಾನ್‌ನಂತಹ ಹಡಗಿನಲ್ಲಿ ದುಡಿಯಲು ಎರಡು ಸಾವಿರಕ್ಕೂ ಹೆಚ್ಚು ಜನ ಬೇಕು. ಇಂತಹ ಹಡಗುಗಳಲ್ಲಿ ಗೋವಾ, ಮಂಗಳೂರಿನ ಕಡೆಯ ಹುಡುಗರೂ ಕೆಲಸ ಮಾಡುತ್ತಾರೆ. ಟವೆಲನ್ನು ಮಡಿಸಿ ಆನೆ ಮಾಡಿ ನಿಮ್ಮ ಹಾಸಿಗೆಯ ಮೇಲಿಟ್ಟು ಹೋಗುವವನ ಮಂಚ ಕೆಳಗಿನ ಅಂತಸ್ತಿನಲ್ಲಿ, ಒಂದರ ಮೇಲೊಂದು. ಅಲ್ಲಿ ನೋಟಕ್ಕೆ ಅಡಚಣೆಯ ಪ್ರಶ್ನೆಯೇ ಬರುವುದಿಲ್ಲ.

ಬೇಸತ್ತ ಷಡ್ಡಕರಿಗೆ ಟ್ರಾವೆಲ್ಸಿನ ಹುಡುಗ ‘ಗ್ಯಾರಂಟಿ’ ಎಂಬ ಇನ್ನೊಂದು ಬಗೆಯನ್ನು ಸೂಚಿಸಿದ. ನಮ್ಮ ರಾಜ್ಯದಲ್ಲಿ ಈ ಮಾತು ಕಿವಿಗೆ ಬಿದ್ದೊಡನೆ ಹೆಂಗಸರಿಗೆ ಉಚಿತ ಬಸ್ಸು ನೆನಪಾಗುವುದು ಸಹಜ. ಆದರೆ ಹಡಗಿನವರ ಗ್ಯಾರಂಟಿಯ ಅರ್ಥ ಬೇರೆ: ನಿಮಗೆ ಯಾವ ಅಂತಸ್ತು, ಯಾವ ಮಗ್ಗುಲು, ಯಾವ ಮೂಲೆ ಎಂಬುದು ಯಾವುದೂ ಗ್ಯಾರಂಟಿಯಿಲ್ಲ, ಅವರಿಗೆ ಅನುಕೂಲವಾದದ್ದನ್ನು ಕೊನೆಯಲ್ಲಿ ಕೊಡುತ್ತಾರೆ ಎಂಬುದಷ್ಟೇ ಗ್ಯಾರಂಟಿ. ಜಾಹೀರಾತಿನ ದರವೂ ಇದೇ ಭಾಷೆಯದು. ಅದು ‘ಒಬ್ಬರಿಗೆ’ ಎಂದಿರುತ್ತದೆ, ಆದರೆ ಒಬ್ಬರೇ ಹೋದರೆ ಎಷ್ಟೋ ಕಡೆ ಇಬ್ಬರ ಹಣ ತೆರಬೇಕು. ಈಜುಕೊಳದ ಕೆಳಗಿನ ಕೋಣೆ ಸಿಕ್ಕರೆ ನಸುಕಿನಲ್ಲೇ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು, ಹಡಗಿನ ಮೂತಿಯಲ್ಲಿ ಸಿಕ್ಕರೆ ಕುಲುಕಾಟ, ನಡುಭಾಗದಲ್ಲಿ ಕೆಳಗಿನ ಅಂತಸ್ತಿನಲ್ಲಿ ಸಿಕ್ಕರೆ ನೆಮ್ಮದಿ. ಆ ನೆಮ್ಮದಿಯ ಜಾಗದಲ್ಲಿ ಎಷ್ಟೋ ಹಡಗುಗಳಲ್ಲಿ ಅಗ್ಗದ ಒಳಕೋಣೆಗಳೂ ಇವೆ ಎಂಬ ವಿಷಯವನ್ನು ನಾನು ಷಡ್ಡಕರಿಗೆ ಹೇಳಲು ಹೋಗಲಿಲ್ಲ. ಅಗ್ಗದ್ದರಲ್ಲಿ ಸುಖವಿದೆಯೆಂದು ತೋರಿಸಿಕೊಟ್ಟವರನ್ನು ಅವರು ಯಾವತ್ತೂ ಕ್ಷಮಿಸಿದವರಲ್ಲ.

ಕೊನೆಗೆ ಬಾಲ್ಕನಿ ಕಾದಿರಿಸಿದರು. ಹಣ ಕಟ್ಟಿದ ಮೂರನೆಯ ದಿನ ಮೇಲಿನ ವರ್ಣಕ್ಕೆ ಬಡ್ತಿ ಬೇಕಿದ್ದರೆ ಹರಾಜು ಕೂಗಬಹುದೆಂದು ಇಮೇಲ್ ಬಂದಿತು. ನೀವು ಕೂಗುವ ಮೊತ್ತಕ್ಕೆ ತಕ್ಕಂತೆ ಒಂದು ಮುಳ್ಳು ‘ದುರ್ಬಲ’ದಿಂದ ‘ಪ್ರಬಲ’ದ ಕಡೆಗೆ ತಿರುಗುತ್ತದೆ. ಷಡ್ಡಕರು ಈಗ ಪ್ರತಿರಾತ್ರಿ ಊಟವಾದ ಮೇಲೆ ಆ ಮುಳ್ಳನ್ನು ತಿರುಗಿಸಿ ನೋಡಿ ಮಲಗುತ್ತಾರೆ.

ಅಕ್ಕ ಬಾಲ್ಕನಿ ಹಿಡಿದ ಸುದ್ದಿ ನಮ್ಮ ಮನೆಗೆ ತಲುಪಿದ್ದು ಕಳೆದ ಭಾನುವಾರ. ಅಂದಿನಿಂದ ನಮ್ಮ ಊಟದ ಮೇಜಿನ ಮೇಲೂ ಆ ನಕ್ಷೆಯ ಒಂದು ಪ್ರತಿ ಇದೆ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಒಂಬತ್ತನೇ ಅಂತಸ್ತಿನಿಂದ ಹದಿನೈದನೆಯದರವರೆಗೆ ಬೆರಳಾಡಿಸಿ, ಕಡಲಿನ ವಿಷಯವನ್ನು ಒಂದು ಸಲವೂ ಎತ್ತದೆ, ಒಂದೇ ಒಂದು ಪ್ರಶ್ನೆ ಕೇಳಿದಳು: “ಇಷ್ಟರಲ್ಲಿ ಯಾವ ಕೋಣೆಯಿಂದ ನೋಡಿದರೆ ಅಕ್ಕನ ಬಾಲ್ಕನಿ ಕೆಳಗೆ ಕಾಣಿಸುತ್ತದೆ?”