ಹೊಲಿಯದ ಹಾಳೆಗೆ ಒಂದೂವರೆ ಇಂಚು

ಪರಿಚಯದ ಸಂಶೋಧಕಿಯೊಬ್ಬರ ಮಹಾಪ್ರಬಂಧ ಕಳೆದ ವಾರ ಮೂರನೆಯ ಸಲ, ವಿಶ್ವವಿದ್ಯಾಲಯವು ಪ್ರಬಂಧಗಳನ್ನು ಕೂಡಿಡುವ ಡಿಜಿಟಲ್ ಭಂಡಾರದ ಬಾಗಿಲಿನಿಂದ ಹಿಂದಿರುಗಿತು. ಪರೀಕ್ಷಕರು ಒಪ್ಪಿಯಾಗಿತ್ತು, ವೈವಾ ಎಂಬ ಮೌಖಿಕ ಪರೀಕ್ಷೆ ಮುಗಿದಿತ್ತು, ಗೆಳೆಯರು ಆಕೆಯನ್ನು 'ಡಾಕ್ಟರೇ' ಎಂದು ಕರೆಯಲು ಶುರುಮಾಡಿಯೂ ಆಗಿತ್ತು. ವಾದದಲ್ಲಿ ಯಾರಿಗೂ ದೋಷ ಸಿಕ್ಕಿರಲಿಲ್ಲ. 143ನೆಯ ಪುಟದ ಕೋಷ್ಟಕವೊಂದು ಎಡ ಅಂಚಿನೊಳಕ್ಕೆ ಕೂದಲೆಳೆಯಷ್ಟು ನುಗ್ಗಿತ್ತು, ಅಷ್ಟೇ. ಎಡಕ್ಕೆ ಒಂದೂವರೆ ಇಂಚು ಖಾಲಿ ಬಿಡಬೇಕೆಂಬುದು ಅಲ್ಲಿಯ ಕಟ್ಟಪ್ಪಣೆ.

ಈ ಒಂದೂವರೆ ಇಂಚು ಮೂಲತಃ ಬೈಂಡಿಂಗ್‌ನವನ ಸೂಜಿದಾರಕ್ಕೆ ಮೀಸಲಿಟ್ಟ ಜಾಗ. ಈಗ ಹೊಲಿಯಲು ಹಾಳೆಯೂ ಇಲ್ಲ, ಸೂಜಿಯೂ ಇಲ್ಲ, ಹೊಲಿಯುವವನೂ ಇಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯವು ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸುವುದನ್ನು ಕಡ್ಡಾಯಗೊಳಿಸಿದ್ದು 1997ರಲ್ಲಿ. ಅಲ್ಲಿಂದ ಕಾಲು ಶತಮಾನ ಕಳೆದರೂ ಆ ಅಂಚು, ತೀರಿಹೋದ ಯಜಮಾನನ ಕುರ್ಚಿಯ ಹಾಗೆ, ನಡುಮನೆಯಲ್ಲಿ ಖಾಲಿಯಾಗಿಯೇ ಉಳಿದಿದೆ; ಅದರಲ್ಲಿ ಯಾರೂ ಕೂರುವಂತಿಲ್ಲ, ಅದನ್ನು ಯಾರೂ ಎತ್ತಿಡುವಂತೆಯೂ ಇಲ್ಲ.

ಸಹಿಯ ಪುಟದ ವೈಭವವನ್ನಂತೂ ಹೊಗಳಿದಷ್ಟೂ ಸಾಲದು. ಕಾಗದವನ್ನು ತೊರೆದ ಈ ವ್ಯವಸ್ಥೆಯಲ್ಲಿ ಆ ಒಂದು ಪುಟವನ್ನು ಮಾತ್ರ ಮುದ್ರಿಸಿ, ರಜೆಯಲ್ಲಿರುವ ಮಾರ್ಗದರ್ಶಕರನ್ನು ಹುಡುಕಿಕೊಂಡು ಹೋಗಿ, ಶಾಯಿಯಲ್ಲೇ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ, ಮತ್ತೆ ಕಡತದೊಳಗೆ ಸೇರಿಸಬೇಕು. ಸೇರಿಸಿದ ಮೇಲೆ ಇನ್ನೊಂದು ಸೂಚನೆ ಬರುತ್ತದೆ: ಸಹಿಯನ್ನು ಯಾರಾದರೂ ನಕಲು ಮಾಡಿಯಾರು, ಆದ್ದರಿಂದ ಸಾರ್ವಜನಿಕರಿಗೆ ಕಾಣುವ ಪ್ರತಿಯಿಂದ ಆ ಪುಟವನ್ನು ತೆಗೆಯತಕ್ಕದ್ದು.

ಎಲ್ಲವೂ ಮೂರ್ಖತನವೆಂದು ನಾನು ಹೇಳುವುದಿಲ್ಲ. ಭಂಡಾರ ಕೇಳುವ, 2005ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಪಿಡಿಎಫ್/ಎ ಎಂಬ ಕಡತ ರೂಪವು ಅಕ್ಷರವಿನ್ಯಾಸಗಳನ್ನು (ಫಾಂಟ್‌ಗಳನ್ನು) ಕಡತದೊಳಗೇ ಇಡಬೇಕೆನ್ನುತ್ತದೆ, ಗುಪ್ತಪದದ ಬೀಗ ಹಾಕಬಾರದೆನ್ನುತ್ತದೆ; ದಶಕಗಳ ನಂತರವೂ ಕಡತ ತೆರೆದು, ಬರೆದದ್ದು ಬರೆದಂತೆಯೇ ಕಾಣಲಿ ಎಂಬ ವಿವೇಕ ಅದರಲ್ಲಿದೆ. ಅದೇ ಭಂಡಾರದ ಸಾರಾಂಶದ ಚೌಕದಲ್ಲಿ ಮಾತ್ರ ಆಲ್ಫಾ, ಬೀಟಾದಂಥ ಗ್ರೀಕ್ ಅಕ್ಷರಗಳನ್ನು ತುಂಬಿದರೆ ಅವು ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುತ್ತವೆ. ಓದುವವರು, ಲೇಖಕಿಗೇ ತನ್ನ ತೀರ್ಮಾನದ ಬಗ್ಗೆ ಅನುಮಾನವಿದೆಯೆಂದು ಭಾವಿಸಿದರೆ ಅವರ ತಪ್ಪೇನು?

ಇಷ್ಟು ಹೊಸ್ತಿಲು ದಾಟಿ ಒಳಸೇರಿದ ಪ್ರಬಂಧ ಲೋಕಕ್ಕೆ ಕಂಡೇಬಿಡುತ್ತದೆ ಎಂದೇನೂ ಇಲ್ಲ. ಮುಂದೆ ಪುಸ್ತಕ ಮಾಡುವ ಪ್ರಕಾಶಕರು ಮುನಿದಾರೆಂಬ ಭಯದಿಂದ ಎರಡು ವರ್ಷ ಪ್ರಬಂಧವನ್ನು ಯಾರೂ ತೆರೆಯದಂತೆ ತಡೆಯುವ ನಿರ್ಬಂಧದ ಗುಂಡಿಯನ್ನು ಒತ್ತುವವರಿದ್ದಾರೆ. ಮುಕ್ತವಾಗಿ ಓದಲೆಂದೇ ಕಟ್ಟಿದ ಭಂಡಾರದಲ್ಲಿ ಆಗ ಕಾಣುವುದು ಶೀರ್ಷಿಕೆ, ಸಾರಾಂಶ ಮತ್ತು ಒಂದು ಪುಟ್ಟ ಬೀಗದ ಚಿತ್ರ.

ತಮಾಷೆಯಾಗಿ ಬರೆಯಲು ಹೊರಟವನಿಗೆ ಇಲ್ಲಿಗೆ ಬರುವಷ್ಟರಲ್ಲಿ ಬೇಸರವೇ ಬಂದಿದೆ. ಅಂಚು ಅಳೆಯುವ ಸಿಬ್ಬಂದಿಯನ್ನು ನಾನು ದೂರಲಾರೆ. ಅವರ ಕೈಗೆ ಕೊಟ್ಟಿರುವುದು ಅಳತೆಯ ಪಟ್ಟಿಯೇ ಹೊರತು ಓದುವ ಕೆಲಸವಲ್ಲ. ಆದರೆ ಕೊನೆಯ ದಿನಾಂಕ ಒಮ್ಮೆ ತಪ್ಪಿತೆಂದರೆ ಪದವಿ ಮುಂದಿನ ಅವಧಿಗೆ ಹೋಗುತ್ತದೆ, ಪ್ರಮಾಣಪತ್ರ ಕೇಳಿದ ಕೆಲಸ ಬೇರೊಬ್ಬರ ಪಾಲಾಗುತ್ತದೆ. ಐದಾರು ವರ್ಷ ದುಡಿದವರನ್ನು ಕೂದಲೆಳೆಗಾಗಿ ಕಾಯಿಸುವುದು ಶಿಸ್ತಲ್ಲ, ಕ್ರೌರ್ಯ.

ಆಕೆ ಕೊನೆಗೆ ಕೋಷ್ಟಕವನ್ನು ಕುಗ್ಗಿಸಿ, ಅಂಚಿನಿಂದ ದೂರ ಸರಿಸಿ ಕಳಿಸಿದರು. ಅಂಕಿಗಳು ಈಗ ಇರುವೆಯ ಸಾಲಿನಂತಾಗಿ ಕಣ್ಣಿಗೆ ಹತ್ತುವುದಿಲ್ಲ. ಪ್ರಬಂಧ ಅಂದೇ ಸ್ವೀಕೃತವಾಯಿತು.